ಮನಸ್ಸಾಕ್ಷಿಗೆ ಅರ್ಧ ವಾರ: ಕಥೋಲಿಕ ನೀತಿಶಾಸ್ತ್ರದ ಒಂದು ಆನ್‌ಲೈನ್ ಕೋರ್ಸ್

ತೀವ್ರ ನಿಗಾ ಘಟಕದಲ್ಲಿ ಇಪ್ಪತ್ತಾರು ವರ್ಷ ನರ್ಸ್ ಆಗಿ ದುಡಿದವಳು ನಾನು. ಕ್ರೈಸ್ತಳಲ್ಲ. ಅಂಥವಳು ಹನ್ನೆರಡು ವಾರಗಳ ಕಥೋಲಿಕ ನೀತಿಶಾಸ್ತ್ರದ ಕೋರ್ಸಿಗೆ ಏಕೆ ಸೇರಿದೆ ಎಂದು ಮನೆಯವರೂ ಕೇಳಿದರು, ಮೊದಲ ದಿನ ಪರಿಚಯ ಹೇಳಿಕೊಳ್ಳುವಾಗ ಬೋಧಕರೂ ಕೇಳಿದರು. ಇಬ್ಬರಿಗೂ ಒಂದೇ ಉತ್ತರ ಕೊಟ್ಟೆ: ಒಂದು ರಾತ್ರಿಯ ಲೆಕ್ಕ ಬಾಕಿ ಇದೆ.

ಆ ರಾತ್ರಿಯದು ದೊಡ್ಡ ಕತೆಯೇನಲ್ಲ. ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದಿದ್ದ ರೋಗಿ, ಎಳೆದೆಳೆದು ಬಿಡುವ ಉಸಿರು, ಮಾತು ನಿಂತು ಎರಡು ದಿನವಾಗಿತ್ತು. ಮಾರ್ಫಿನ್ ಪ್ರಮಾಣ ಏರಿಸಿ ಎಂದು ವೈದ್ಯರು ಬರೆದರು. ಸಿರಿಂಜ್ ಪಂಪಿನ ಗುಂಡಿ ಒತ್ತಿದವಳು ನಾನು. ನಲವತ್ತು ನಿಮಿಷಕ್ಕೆ ಉಸಿರು ನಿಂತಿತು. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ದಾಖಲೆ ಸರಿಯಾಗಿತ್ತು, ಪ್ರಮಾಣ ಸರಿಯಾಗಿತ್ತು. ಆದರೂ ಆ ಗುಂಡಿಯ ಒತ್ತಡ ನನ್ನ ಬೆರಳ ತುದಿಯಲ್ಲಿ ಉಳಿದುಬಿಟ್ಟಿತು. ಎಷ್ಟೋ ವರ್ಷದ ಮೇಲೆ, ಪಾಳಿ ಬದಲಾಗುವ ಹೊತ್ತಿನಲ್ಲಿ ಇದನ್ನು ಹೇಳಿಕೊಂಡಾಗ ಕಥೋಲಿಕಳಾದ ಕಿರಿಯ ಸಹೋದ್ಯೋಗಿಯೊಬ್ಬಳು, "ಅಕ್ಕಾ, ಇದಕ್ಕೆ ನಮ್ಮಲ್ಲಿ ಒಂದು ಹೆಸರೇ ಇದೆ" ಎಂದಳು. ದ್ವಿಪರಿಣಾಮದ ತತ್ವ. ಹೆಸರಿದೆ ಎಂಬ ಒಂದೇ ಸಮಾಧಾನಕ್ಕೆ ಸೇರಿಕೊಂಡೆ.

ಕೋರ್ಸಿನ ಏರ್ಪಾಡು ಹೀಗಿದೆ. ವಾರಕ್ಕೆ ನಲವತ್ತು ನಿಮಿಷದ ಎರಡು ವಿಡಿಯೊ, ಓದಲು ಇಪ್ಪತ್ತು ಮೂವತ್ತು ಪುಟ, ಹತ್ತು ಪ್ರಶ್ನೆಗಳ ಒಂದು ಪರೀಕ್ಷೆ, ವಾರಾಂತ್ಯದಲ್ಲಿ ಒಂದೂವರೆ ಗಂಟೆಯ ನೇರ ಚರ್ಚೆ. ಕಲಿಸುವವರು ಇಬ್ಬರು: ಇಳಿವಯಸ್ಸಿನ ಪಾದ್ರಿ, ಮತ್ತು ವೈದ್ಯಕೀಯ ನೀತಿಯ ವಾರಗಳಿಗೆ ಬರುವ ಒಬ್ಬ ಅಧ್ಯಾಪಕಿ. ಚರ್ಚೆಯೇ ಈ ಕೋರ್ಸಿನ ಜೀವ. ಪರೀಕ್ಷೆಯೇ ಅದರ ಶತ್ರು. ಎರಡನ್ನೂ ವಿವರಿಸುತ್ತೇನೆ.

ಅದಕ್ಕೂ ಮೊದಲು ಒಂದು ಚಿಲ್ಲರೆ ದೂರು. ವಿಡಿಯೊಗಳು ಇಂಗ್ಲಿಷಿನಲ್ಲಿವೆ, ಕೆಳಗೆ ಓಡುವ ಅಕ್ಷರಗಳನ್ನು ಯಂತ್ರವೇ ಬರೆಯುತ್ತದೆ. ಪಾದ್ರಿಗಳು 'ಕಾನ್ಶೆನ್ಸ್' ಎಂದಾಗಲೆಲ್ಲ ಅದು 'ಕಾನ್ಶಿಯಸ್' ಎಂದು ಬರೆಯುತ್ತದೆ. ಮನಸ್ಸಾಕ್ಷಿಯ ಜಾಗದಲ್ಲಿ ಪ್ರಜ್ಞೆ! ನನ್ನಂಥವಳಿಗೆ ಇದು ಸಣ್ಣ ತಪ್ಪಲ್ಲ. ರೋಗಿಗೆ ಪ್ರಜ್ಞೆ ಇದೆಯೇ ಎಂದು ಪ್ರತಿ ಗಂಟೆಗೊಮ್ಮೆ ನೋಡಿ ಅಂಕ ಬರೆಯುವುದು ನಮ್ಮ ಕೆಲಸ. "ಪ್ರಜ್ಞೆ ತಪ್ಪು ದಾರಿ ಹಿಡಿದಿದ್ದರೂ ಅದನ್ನು ಪಾಲಿಸಬೇಕು" ಎಂಬ ಸಾಲನ್ನು ಓದಿ ವಿಡಿಯೊ ನಿಲ್ಲಿಸಿ ನಕ್ಕಿದ್ದೇನೆ. ಮೂರು ಬಾರಿ ಬರೆದು ತಿಳಿಸಿದೆ. ಹನ್ನೆರಡನೆಯ ವಾರದವರೆಗೂ ಹಾಗೆಯೇ ಇತ್ತು.

ಮೊದಲೆರಡು ವಾರ ಚರಿತ್ರೆ. ಬೇಸರ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಈ ಶಾಸ್ತ್ರ ಹುಟ್ಟಿದ್ದು ತತ್ವಜ್ಞಾನಿಗಳ ಚಾವಡಿಯಲ್ಲಲ್ಲ, ಪಾಪನಿವೇದನೆ, ಅಂದರೆ ಮಾಡಿದ ಪಾಪಗಳನ್ನು ಪಾದ್ರಿಯ ಮುಂದೆ ಹೇಳಿಕೊಳ್ಳುವುದನ್ನು, ಕೇಳುವ ಜಾಗದಲ್ಲಿ ಎಂಬುದನ್ನು ಪಾದ್ರಿಗಳು ಚೆನ್ನಾಗಿ ಕಟ್ಟಿಕೊಟ್ಟರು. ಐರ್ಲೆಂಡಿನ ಸನ್ಯಾಸಿಗಳು ಇಂಥ ಪಾಪಕ್ಕೆ ಇಷ್ಟು ದಿನದ ಉಪವಾಸ ಎಂದು ಪಟ್ಟಿ ಮಾಡಿದ ಪ್ರಾಯಶ್ಚಿತ್ತದ ಹೊತ್ತಗೆಗಳು. ವರ್ಷಕ್ಕೆ ಒಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕು ಎಂದ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ, ಅಂದರೆ ಬಿಷಪರು ಸೇರಿದ ಧರ್ಮಸಭೆಯ ದೊಡ್ಡ ಸಭೆ. ಗಂಭೀರ ಪಾಪಗಳನ್ನು ಬಗೆ ಮತ್ತು ಸಂಖ್ಯೆ ಸಹಿತ ಹೇಳಬೇಕು ಎಂದು 1551ರಲ್ಲಿ ವಿಧಿಸಿದ ಟ್ರೆಂಟ್ ಮಹಾಸಭೆ. ಕೇಳಿ ತೂಗುವವರಿಗೆ ತರಬೇತಿ ಬೇಕಾಯಿತು, ತರಬೇತಿಗೆ ಪುಸ್ತಕಗಳು ಬೇಕಾದವು, ಪುಸ್ತಕಗಳಲ್ಲಿ ಪ್ರಕರಣಗಳು ತುಂಬಿದವು. ನಾಲ್ಕು ಶತಮಾನ ಈ ಶಾಸ್ತ್ರ ಬಹುಮಟ್ಟಿಗೆ ತಪ್ಪುಗಳ ಶಾಸ್ತ್ರವಾಗಿಯೇ ಉಳಿಯಿತು. ಬೈಬಲ್ಲಿನಿಂದ ಹೆಚ್ಚು ಪೋಷಣೆ ಪಡೆಯಬೇಕು, ಪ್ರೀತಿಯಲ್ಲಿ ಫಲ ಕೊಡುವುದನ್ನು ಕಲಿಸಬೇಕು ಎಂದು 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಹೇಳಬೇಕಾಯಿತು. ನಮ್ಮ ಆಸ್ಪತ್ರೆಗಳಲ್ಲೂ ಹೀಗೆಯೇ ಅಲ್ಲವೇ? ಅವಘಡ ವರದಿಯ ನಮೂನೆ ಎಲ್ಲರಿಗೂ ಬಾಯಿಪಾಠ. ಒಳ್ಳೆಯ ಆರೈಕೆಗೆ ನಮೂನೆ ಯಾವುದೂ ಇಲ್ಲ.

ಮೂರನೆಯ ವಾರದ ನಿಸರ್ಗ ನಿಯಮ ಇಡೀ ಕೋರ್ಸಿನಲ್ಲೇ ಸೊರಗಿದ ಪಾಠ. ಒಳ್ಳೆಯದನ್ನು ಮಾಡಬೇಕು, ಅರಸಬೇಕು. ಕೆಟ್ಟದ್ದನ್ನು ಬಿಡಬೇಕು ಎಂಬ, ಮಧ್ಯಯುಗದ ಕಥೋಲಿಕ ಚಿಂತಕ ಥಾಮಸ್ ಅಕ್ವಿನಾಸನ ಮೂಲ ಸೂತ್ರದಿಂದ ಶುರುವಾಗಿ, ಪರದೆಯ ಮೇಲೆ ಒಂದು ಬಾಣದ ಗುರುತು ಹಾರಿ, ನೇರವಾಗಿ ವಿವಾಹದ ನಿಯಮಗಳ ಮೇಲೆ ಬಿದ್ದಿತು. ನಡುವಿನ ಮೆಟ್ಟಿಲುಗಳನ್ನು ಯಾರೋ ಕದ್ದೊಯ್ದ ಹಾಗಿತ್ತು. ನಿಸರ್ಗ ಎಂದರೆ ಇಲ್ಲಿ ಕಾಡು ಮಳೆ ಅಲ್ಲ, ಬುದ್ಧಿಯುಳ್ಳ ಪ್ರಾಣಿಯಾದ ಮನುಷ್ಯನ ಸ್ವಭಾವ ಎಂಬುದನ್ನು ಚರ್ಚೆಯಲ್ಲಿ ಮತ್ತೊಬ್ಬ ವಿದ್ಯಾರ್ಥಿ ಕೇಳಿದ ಮೇಲೆಯೇ ಹೇಳಿದರು. ಇದನ್ನು ಮೊದಲ ನಿಮಿಷದಲ್ಲೇ ಹೇಳಬೇಕಿತ್ತು.

ನಾಲ್ಕನೆಯ ವಾರದಿಂದ ಪಾಠ ನನ್ನ ವಾರ್ಡಿಗೆ ಕಾಲಿಟ್ಟಿತು. ಒಂದು ಕೆಲಸದ ನೈತಿಕತೆಯನ್ನು ಮೂರು ಕಡೆಯಿಂದ ನೋಡಬೇಕು ಎನ್ನುತ್ತದೆ ಕಥೋಲಿಕ ಧರ್ಮಸಭೆ ತನ್ನ ಬೋಧನೆಯನ್ನು ಒಟ್ಟುಗೂಡಿಸಿದ 1992ರ ಧರ್ಮೋಪದೇಶ ಗ್ರಂಥ: ಆಯ್ದುಕೊಂಡ ಕೃತ್ಯ, ಅದರ ಹಿಂದಿನ ಉದ್ದೇಶ, ಸುತ್ತಲಿನ ಸನ್ನಿವೇಶ. ಇದರಲ್ಲಿ ಎಡವುವುದು ಮೊದಲನೆಯದರಲ್ಲಿ. ಕೃತ್ಯ ಎಂದರೆ ಕ್ಯಾಮೆರಾಕ್ಕೆ ಕಂಡದ್ದಲ್ಲ. ಅಧ್ಯಾಪಕಿ ಕೊಟ್ಟ ಉದಾಹರಣೆ ಪುಸ್ತಕದ್ದಾಗಿತ್ತು, ಹಾಗಾಗಿ ನನ್ನದನ್ನೇ ಹೇಳುತ್ತೇನೆ. ಅದೇ ಸಿರಿಂಜ್, ಅದೇ ನಿದ್ರೆಯ ಔಷಧ, ಅದೇ ರಕ್ತನಾಳ. ವೆಂಟಿಲೇಟರಿನ ಕೊಳವೆ ಕಿತ್ತುಕೊಳ್ಳುವಷ್ಟು ಗಾಬರಿಯಾದ ರೋಗಿಗೆ ಕೊಟ್ಟರೆ ಅದು ಚಿಕಿತ್ಸೆ. ರಾತ್ರಿಯಿಡೀ ಕರೆಗಂಟೆ ಒತ್ತುವ ಮುದುಕರ ಬಾಯಿ ಮುಚ್ಚಿಸಲು ಕೊಟ್ಟರೆ ಅದು ಔಷಧದಿಂದ ಕೈಕಾಲು ಕಟ್ಟಿಹಾಕುವುದು. ಸಿಸಿಟಿವಿಯಲ್ಲಿ ಎರಡೂ ಒಂದೇ. ಇಚ್ಛೆ ತಿಳಿದು ಆರಿಸಿಕೊಂಡದ್ದು ಏನು ಎಂಬುದೇ ಕೃತ್ಯ. ಇದು ತಲೆಗೆ ಹೋಗಲು ನನಗೆ ಎರಡು ವಾರ ಬೇಕಾಯಿತು. ಹೋದ ಮೇಲೆ ಹಳೆಯ ಪಾಳಿಗಳನ್ನೆಲ್ಲ ಮತ್ತೆ ನೋಡುವಂತಾಯಿತು. ಅಷ್ಟೇನೂ ಹಿತವಾದ ಅನುಭವವಲ್ಲ.

ಐದು ಮತ್ತು ಆರನೆಯ ವಾರ, ನಾನು ಕಾಯುತ್ತಿದ್ದ ದ್ವಿಪರಿಣಾಮ.

ಅಕ್ವಿನಾಸ್ 13ನೆಯ ಶತಮಾನದಲ್ಲಿ ಇದನ್ನು ಆತ್ಮರಕ್ಷಣೆಯ ಪ್ರಶ್ನೆಯಾಗಿ ಎತ್ತಿದ. ಮೈಮೇಲೆ ಬಿದ್ದವನನ್ನು ತಡೆಯುವಾಗ ಅವನು ಸತ್ತರೆ? ಒಂದೇ ಕೆಲಸಕ್ಕೆ ಎರಡು ಪರಿಣಾಮ ಇರಬಹುದು, ಒಂದು ಉದ್ದೇಶದೊಳಗಿನದು, ಇನ್ನೊಂದು ಅದರ ಹೊರಗಿನದು ಎಂದ. ನಂತರದವರು ಇದನ್ನು ನಾಲ್ಕು ಷರತ್ತುಗಳಾಗಿ ಬಿಗಿದರು. ಮಾಡುವ ಕೆಲಸ ತನ್ನಷ್ಟಕ್ಕೆ ಕೆಟ್ಟದ್ದಾಗಿರಬಾರದು. ಒಳ್ಳೆಯ ಪರಿಣಾಮವನ್ನಷ್ಟೇ ಬಯಸಬೇಕು. ಕೆಟ್ಟದ್ದರ ಮೂಲಕ ಒಳ್ಳೆಯದು ಬರುವಂತಿರಬಾರದು. ಕೆಟ್ಟದ್ದನ್ನು ಸಹಿಸಲು ತಕ್ಕಷ್ಟು ತೂಕದ ಕಾರಣ ಇರಬೇಕು. ಮೂರನೆಯದನ್ನು ಪಾದ್ರಿಗಳು ಕೈಬೆರಳಲ್ಲಿ ತೋರಿಸಿದರು: ಒಂದು ಬುಡದಿಂದ ಕವಲೊಡೆದ ಎರಡು ಬೆರಳು ಒಂದು ಬಗೆ, ಒಂದರ ತುದಿಗೆ ಇನ್ನೊಂದು ಜೋಡಿಸಿದ್ದು ಬೇರೆ ಬಗೆ. ನೋವು ಇಳಿಸುವ ಔಷಧದಿಂದ ಆಯುಸ್ಸು ಮೊಟಕಾಗುವ ಸಂಭವವಿದ್ದರೆ ಅದು ಕವಲು. ನೋವು ಇಳಿಯಲೆಂದು ಸಾಯಿಸಿದರೆ ಅದು ಜೋಡಿಸಿದ ಬೆರಳು. ಇದಕ್ಕಿಂತ ಸರಳವಾಗಿ ಇದನ್ನು ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ.

ಆದರೆ ಅವರು ಎತ್ತಿಕೊಂಡ ಮುಖ್ಯ ಉದಾಹರಣೆ ಮಾರ್ಫಿನ್. ಅಲ್ಲಿ ನಾನು ಕೈ ಎತ್ತಲೇಬೇಕಾಯಿತು. ನೋವಿಗೆ ತಕ್ಕಂತೆ ಹಂತಹಂತವಾಗಿ ಏರಿಸಿದ ಮಾರ್ಫಿನ್ ಸಾಮಾನ್ಯವಾಗಿ ಸಾವನ್ನು ಹತ್ತಿರ ಎಳೆಯುವುದಿಲ್ಲ ಎಂದು ಉಪಶಮನ ಆರೈಕೆಯಲ್ಲಿ ಇರುವವರೆಲ್ಲ ಬಲ್ಲರು. ಹಳೆಯ ಪುಸ್ತಕಗಳ ಉದಾಹರಣೆಯನ್ನೇ ಹೇಳುತ್ತಾ ಹೋದರೆ, ಮಾರ್ಫಿನ್ ಎಂದರೆ ಮೆಲ್ಲಗೆ ಕೊಲ್ಲುವ ಔಷಧ ಎಂಬ ಭಯವನ್ನು ನೀವೇ ಹರಡಿದಂತಾಗುತ್ತದೆ. ಆ ಭಯದಿಂದ ನೋವಿನಲ್ಲೇ ಸತ್ತವರನ್ನು ನಾನು ನೋಡಿದ್ದೇನೆ ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆನೇನೋ. ಪಾದ್ರಿಗಳು ಬರೆದುಕೊಂಡರು. ಮುಂದಿನ ವಾರ ವಿಡಿಯೊದ ಮೊದಲಿಗೇ ತಿದ್ದುಪಡಿ ಸೇರಿಸಿ, ಯಾತನೆ ಬೇರೆ ಯಾವುದಕ್ಕೂ ಬಗ್ಗದಾಗ ಕೊಡುವ ಆಳದ ನಿದ್ರೆಯ ಉದಾಹರಣೆಗೆ ಬದಲಾಯಿಸಿಕೊಂಡಿದ್ದರು. ಬೋಧಕರು ಹೀಗೆ ತಿದ್ದಿಕೊಳ್ಳುವುದನ್ನು ನನ್ನ ನರ್ಸಿಂಗ್ ಓದಿನ ಕಾಲದಲ್ಲಿ ಕಂಡಿರಲಿಲ್ಲ.

ತಮಾಷೆ ಏನೆಂದರೆ, ವಾದ ಗೆದ್ದು ನಾನೇ ಸಿಕ್ಕಿಬಿದ್ದೆ. ಮಾರ್ಫಿನ್ ಸಾವನ್ನು ತರಲಿಲ್ಲ ಎಂದಾದರೆ, ಇಷ್ಟು ವರ್ಷ ಬೆರಳಲ್ಲಿ ಹೊತ್ತು ತಿರುಗಿದ್ದು ಏನು? ಚರ್ಚೆ ಮುಗಿದ ಮೇಲೆ ಉಳಿದುಕೊಂಡು ಅಧ್ಯಾಪಕಿಯನ್ನು ಕೇಳಿದೆ. ಅವರು ತತ್ವ ಹೇಳಲಿಲ್ಲ, ತಿರುಗಿ ಒಂದು ಪ್ರಶ್ನೆ ಕೇಳಿದರು: "ಗುಂಡಿ ಒತ್ತಿದಾಗ ನಿಮಗೆ ಏನು ಬೇಕಾಗಿತ್ತು?" ಮುಗಿದುಹೋದರೆ ಸಾಕು ಎಂದು ನನ್ನೊಳಗೆ ಒಂದು ಮೂಲೆ ಬಯಸಿತ್ತು ಎಂದು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆ. "ಒಂದು ವೇಳೆ ಉಸಿರು ಸರಾಗವಾಗಿ, ಅವರು ಬೆಳಗಿನವರೆಗೆ ನಿದ್ರಿಸಿ ಇನ್ನೆರಡು ದಿನ ಬದುಕಿದ್ದರೆ, ಕೆಲಸ ಕೆಟ್ಟಿತು ಎನಿಸುತ್ತಿತ್ತೇ?" ಇಲ್ಲ. ದಿಂಬು ಸರಿ ಮಾಡಿ, ತುಟಿ ಒದ್ದೆ ಮಾಡಿ, ನಿಟ್ಟುಸಿರು ಬಿಟ್ಟು ಮುಂದಿನ ಹಾಸಿಗೆಗೆ ಹೋಗುತ್ತಿದ್ದೆ. "ಹಾಗಾದರೆ ಮೂಲೆಯ ಬಯಕೆ ಬೇರೆ, ಕೈ ಆರಿಸಿಕೊಂಡದ್ದು ಬೇರೆ." ಇಷ್ಟೇ ಅವರು ಅಂದದ್ದು. ಕೋರ್ಸಿನ ಶುಲ್ಕ ನನ್ನ ಮಟ್ಟಿಗೆ ಅಲ್ಲಿಗೆ ವಸೂಲಾಯಿತು.

ಏಳನೆಯ ವಾರವನ್ನು ಆಸ್ಪತ್ರೆಯಲ್ಲಿ ದುಡಿಯುವ ಪ್ರತಿಯೊಬ್ಬರೂ, ಆಸ್ಪತ್ರೆಯ ಕಾರಿಡಾರಿನಲ್ಲಿ ಕಾದು ಕುಳಿತ ಪ್ರತಿ ಮನೆಯವರೂ ಕೇಳಬೇಕು. ಜೀವ ಉಳಿಸಿಕೊಳ್ಳಲು ಎಷ್ಟರವರೆಗೆ ಹೋಗಬೇಕು? ಕಥೋಲಿಕರೆಂದರೆ ಕೊನೆಯ ಉಸಿರಿನವರೆಗೂ ಯಂತ್ರ ಓಡಿಸಬೇಕು ಎನ್ನುವವರು ಎಂದು ನಾನು ನಂಬಿದ್ದೆ. ತಪ್ಪು. 16ನೆಯ ಶತಮಾನದಲ್ಲೇ ಸ್ಪೇನಿನ ಫ್ರಾನ್ಸಿಸ್ಕೊ ದೆ ವಿತೋರಿಯ, ವೈದ್ಯರು ಹೇಳಿದರೂ ದುಬಾರಿಯ ಕೋಳಿಮಾಂಸವನ್ನೇ ತಿಂದು ಆಯುಸ್ಸು ಹೆಚ್ಚಿಸಿಕೊಳ್ಳುವ ಕರ್ತವ್ಯ ಯಾರಿಗೂ ಇಲ್ಲ, ಸಾಧಾರಣ ಆಹಾರ ಸಾಕು ಎಂದಿದ್ದ. ಅರಿವಳಿಕೆ ಇಲ್ಲದ ಕಾಲದಲ್ಲಿ ಕಾಲು ಕತ್ತರಿಸಿಕೊಂಡೇ ಬದುಕಬೇಕು ಎಂದು ಯಾರನ್ನೂ ಒತ್ತಾಯಿಸುವಂತಿರಲಿಲ್ಲ. ಸಾಮಾನ್ಯ ಉಪಾಯಗಳು ಕರ್ತವ್ಯ, ಅಸಾಮಾನ್ಯ ಉಪಾಯಗಳು ಐಚ್ಛಿಕ ಎಂಬ ವಿಂಗಡಣೆ ಬೆಳೆದದ್ದು ಹೀಗೆ.

1957ರ ನವೆಂಬರ್ 24ರಂದು ಹನ್ನೆರಡನೆಯ ಪಯಸ್ ಪೋಪ್ ಮಾಡಿದ ಭಾಷಣವೇ ಆ ವಾರದ ಓದು. ಕೃತಕ ಉಸಿರಾಟದ ಯಂತ್ರಗಳು ಆಗಿನ್ನೂ ಹೊಸವು. ಇನ್ಸ್‌ಬ್ರುಕ್ಕಿನ ಅರಿವಳಿಕೆ ತಜ್ಞ ಬ್ರೂನೊ ಹೈಡ್ ಕೇಳಿದ್ದ ಪ್ರಶ್ನೆಗಳಿಗೆ ಕೊಟ್ಟ ಉತ್ತರ ಅದು. ತನಗಾಗಲಿ ಇತರರಿಗಾಗಲಿ ವಿಪರೀತ ಹೊರೆಯಾಗದ ಸಾಮಾನ್ಯ ಉಪಾಯಗಳನ್ನು ಬಳಸಿದರೆ ಸಾಕು, ಅದನ್ನೂ ವ್ಯಕ್ತಿ, ಸ್ಥಳ, ಕಾಲಕ್ಕೆ ತಕ್ಕಂತೆ ನೋಡಬೇಕು ಎನ್ನುತ್ತಾರೆ. ಇನ್ನೊಂದು ಮಾತು ನನಗೆ ಅಚ್ಚರಿ ತಂದಿತು: ಸಾವು ಯಾವ ಕ್ಷಣದಲ್ಲಿ ಆಯಿತು ಎಂದು ನಿಖರವಾಗಿ ನಿರೂಪಿಸುವುದು ವೈದ್ಯರ ಕೆಲಸ ಎಂದು ಬಿಟ್ಟುಕೊಡುತ್ತಾರೆ. ಪೋಪರ ಬಾಯಲ್ಲಿ ಇದು ನನ್ನ ಪ್ರಾಂತವಲ್ಲ ಎಂಬ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ. ನಮ್ಮಲ್ಲಿ ಬೇರೆ ವಿಭಾಗದ ತಜ್ಞರ ಬಾಯಿಂದ ಈ ಮಾತು ಹೊರಡಿಸುವುದು ಎಷ್ಟು ಕಷ್ಟ!

ಅಧ್ಯಾಪಕಿ ಒತ್ತಿ ಹೇಳಿದ್ದು ಇದನ್ನು: ಸಾಮಾನ್ಯ, ಅಸಾಮಾನ್ಯ ಎಂಬುದು ಯಂತ್ರದ ಮೇಲೆ ಅಂಟಿಸುವ ಚೀಟಿಯಲ್ಲ. ವೆಂಟಿಲೇಟರ್ ನ್ಯುಮೋನಿಯಾ ಆದ ಹರೆಯದ ಹುಡುಗನಿಗೆ ಸಾಮಾನ್ಯ ಉಪಾಯ. ಎಲ್ಲ ಅಂಗಗಳೂ ಸೋತ ತೊಂಬತ್ತರ ಅಜ್ಜಿಗೆ ಅದೇ ಯಂತ್ರ ಬರಿಯ ಹೊರೆ. ಅದನ್ನು ಬೇಡ ಎನ್ನುವುದು ಸಾವನ್ನು ಬಯಸಿದಂತಲ್ಲ, ಅದನ್ನು ತಡೆಯಲಾಗದು ಎಂದು ಒಪ್ಪಿದಂತೆ. ಆದರೆ ಕೊಳವೆಯಲ್ಲಿ ಕೊಡುವ ಆಹಾರದ ವಿಚಾರಕ್ಕೆ ಬಂದಾಗ ಅವರು ದಡಬಡಿಸಿದರು. 2004ರಲ್ಲಿ ಎರಡನೆಯ ಜಾನ್ ಪಾಲ್ ಪೋಪ್ ಅದು ತಾತ್ವಿಕವಾಗಿ ಸಾಮಾನ್ಯ ಉಪಾಯವೇ ಎಂದರು, 2007ರಲ್ಲಿ ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ಕಚೇರಿ ಅದನ್ನೇ ಖಚಿತಪಡಿಸಿತು ಎಂದು ಹೇಳಿ ಮುಂದೆ ಹೋದರು. 'ತಾತ್ವಿಕವಾಗಿ' ಎಂಬ ಪದದೊಳಗೆ ಎಷ್ಟು ಜಾಗ ಇದೆ? ದೇಹ ಆಹಾರವನ್ನು ಅರಗಿಸಿಕೊಳ್ಳದೆ, ಅದು ಶ್ವಾಸಕೋಶಕ್ಕೆ ಜಾರುತ್ತಿರುವಾಗ? ಹದಿನೈದು ನಿಮಿಷ ಇದಕ್ಕೇ ಕೊಡಬೇಕಿತ್ತು. ಮನೆಯವರು ನಮ್ಮನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ.

ಇನ್ನು ಎಂಟನೆಯ ವಾರ. ಬೇರೆಯವರ ತಪ್ಪಿನಲ್ಲಿ ನಮ್ಮ ಪಾಲು ಎಷ್ಟು ಎಂಬುದನ್ನು ಅಳೆಯುವ ಪಾಠ. ತಪ್ಪು ಮಾಡುವವನ ಉದ್ದೇಶವನ್ನೇ ನನ್ನದಾಗಿಸಿಕೊಂಡು ನೆರವಾದರೆ ಅದನ್ನು ಇವರು ರೂಪತಃ ಸಹಕಾರ ಎನ್ನುತ್ತಾರೆ; ಯಾವ ಕಾರಣಕ್ಕೂ ಸಲ್ಲದು. ಉದ್ದೇಶ ನನ್ನದಲ್ಲ, ಆದರೆ ನನ್ನ ಕೆಲಸ ಅವನಿಗೆ ಒದಗಿಬರುತ್ತದೆ ಎಂದಾದರೆ ಭೌತಿಕ ಸಹಕಾರ. ಅದು ಎಷ್ಟು ಹತ್ತಿರದ್ದು, ಎಷ್ಟು ದೂರದ್ದು, ನನಗೆ ಎಷ್ಟು ಬಲವಾದ ಕಾರಣ ಇತ್ತು ಎಂದು ತೂಗಬೇಕು. ಹಳೆಯ ಪುಸ್ತಕಗಳ ಅಚ್ಚುಮೆಚ್ಚಿನ ಪಾತ್ರ ಸೇವಕ. ಯಜಮಾನ ಕೆಟ್ಟ ಕೆಲಸಕ್ಕೆಂದು ಕಿಟಕಿ ಹತ್ತಲು ಹೊರಟಾಗ ಹೆಗಲು ಕೊಡುವ, ಏಣಿ ಹೊರುವ ಸೇವಕ, ತನಗೆ ದೊಡ್ಡ ನಷ್ಟವಾದೀತೆಂಬ ಹೆದರಿಕೆಯಿಂದ ಹಾಗೆ ಮಾಡಿದರೆ ಮಾರಕ ಪಾಪವಲ್ಲ, ಅಂದರೆ ದೇವರಿಂದಲೇ ದೂರ ಮಾಡುವಷ್ಟು ಗಂಭೀರವಲ್ಲ, ಎಂದು ಕೆಲವರು ವಾದಿಸಿದ್ದರಂತೆ. 1679ರಲ್ಲಿ ಹನ್ನೊಂದನೆಯ ಇನೊಸೆಂಟ್ ಪೋಪ್ ಖಂಡಿಸಿದ 65 ಸಡಿಲ ವಾದಗಳಲ್ಲಿ ಇದೂ ಒಂದು. ಏಣಿಯ ಮಾತು ಕೇಳಿ ನಾವೆಲ್ಲ ನಕ್ಕೆವು. ಮೊದಲು ನಗು ನಿಲ್ಲಿಸಿದವಳು ನಾನು.

ಏಕೆಂದರೆ ನಾನೂ ಒಮ್ಮೆ ಏಣಿ ಹಿಡಿದಿದ್ದೇನೆ ಎಂದುಕೊಂಡೆ. ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ, ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಾಕ್ಷಿಯ ಸಹಿ ಹಾಕು ಎಂದು ಹಿರಿಯರೊಬ್ಬರು ನನ್ನ ಮುಂದೆ ಕಾಗದ ಹಿಡಿದಿದ್ದರು. ರೋಗಿಗೆ ವಿವರಿಸುವಾಗ ನಾನು ಅಲ್ಲಿರಲಿಲ್ಲ. ವಿವರಿಸಿದ್ದರೋ ಇಲ್ಲವೋ, ಅದೂ ಗೊತ್ತಿರಲಿಲ್ಲ. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಸಹಿ ಹಾಕಿದೆ. ಇದನ್ನು ಚರ್ಚೆಯಲ್ಲಿ ಇಟ್ಟು, ನನ್ನದು ಹತ್ತಿರದ ಭೌತಿಕ ಸಹಕಾರವೋ ದೂರದ್ದೋ ಎಂದು ಕೇಳಿದೆ. ಹೊಸದಾಗಿ ಕಲಿತ ಪದಗಳು ನೋಡಿ, ಬಳಸುವ ಹುರುಪು. ಸಹಪಾಠಿಗಳು ಹತ್ತು ನಿಮಿಷ ವಾದ ಮಾಡಿದರು: ಒತ್ತಡ ಇತ್ತು, ನಷ್ಟದ ಭಯ ಇತ್ತು, ನೀವು ಹಾಕದಿದ್ದರೆ ಇನ್ನೊಬ್ಬರು ಹಾಕುತ್ತಿದ್ದರು. ದೂರದ್ದು ಎಂಬ ಕಡೆಗೆ ಒಲವು ಹೆಚ್ಚಿತ್ತು. ಪಾದ್ರಿಗಳು ಎಲ್ಲವನ್ನೂ ಕೇಳಿಸಿಕೊಂಡು ಮೆಲ್ಲಗೆ ಹೇಳಿದರು: "ಇದು ಸಹಕಾರದ ಪ್ರಕರಣವೇ ಅಲ್ಲ. ಕಾಣದ್ದನ್ನು ಕಂಡೆ ಎಂದು ಬರೆದವರು ನೀವೇ. ಸುಳ್ಳು ಸಾಕ್ಷಿ. ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ ಅದನ್ನು ಬೇಡ ಎನ್ನುವುದು, ನಮ್ಮ ಎಣಿಕೆಯಲ್ಲಿ, ಎಂಟನೆಯ ಆಜ್ಞೆ." ಆಮೇಲೆ ಒತ್ತಡ, ಭಯ, ಅನುಭವ ಇಲ್ಲದಿರುವುದು ಹೊಣೆಯನ್ನು ಎಷ್ಟು ಕಡಿಮೆ ಮಾಡುತ್ತವೆ ಎಂಬುದನ್ನೂ ವಿವರಿಸಿದರು, ಅದರಲ್ಲಿ ಜಿಪುಣತನ ತೋರಲಿಲ್ಲ. ಆದರೆ ಕೃತ್ಯದ ಹೆಸರನ್ನು ಬದಲಾಯಿಸಲಿಲ್ಲ.

ಆ ಸಂಜೆ ಕೋಪ ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಎರಡು ದಿನದ ಮೇಲೆ ಕೋಪ ಇಳಿದು ಬೇರೆಯದೇ ಹೊಳೆಯಿತು. ಈ ಪದಗಳ ಜಾಲ, ರೂಪತಃ, ಭೌತಿಕ, ಹತ್ತಿರ, ದೂರ, ಎಲ್ಲವೂ ಅಡಗಿಕೊಳ್ಳಲು ಎಷ್ಟು ಚೆನ್ನಾಗಿ ಒದಗುತ್ತವೆ! ನಾನು ಅವುಗಳನ್ನು ಕಲಿತ ಒಂದೇ ವಾರಕ್ಕೆ ಅವುಗಳ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಒಳ್ಳೆಯ ಗುರು ಕೈಹಿಡಿದು ಹೊರಗೆಳೆದರು. ವಿಡಿಯೊ ಮಾತ್ರ ನೋಡಿ ಮುಗಿಸುವವರಿಗೆ, ಅಂಥ ಆಯ್ಕೆಯೂ ಕಡಿಮೆ ಶುಲ್ಕಕ್ಕೆ ಇದೆ, ಯಾರು ಹೊರಗೆಳೆಯುತ್ತಾರೆ? ಆದ್ದರಿಂದ ಅದನ್ನು ಆರಿಸಿಕೊಳ್ಳಬೇಡಿ ಎಂದೇ ಹೇಳುತ್ತೇನೆ.

ಪರೀಕ್ಷೆಗಳ ಮೇಲಿನ ನನ್ನ ಸಿಟ್ಟೂ ಇದೇ ಕಾರಣಕ್ಕೆ. ನಾಲ್ಕು ಸಾಲಿನ ಪ್ರಕರಣ, ನಾಲ್ಕು ಉತ್ತರ, ಒಂದಕ್ಕೆ ಗುರುತು. ನರ್ಸ್ ಹೀಗೆ ಮಾಡಿದಳು, ಇದು ಯಾವ ಬಗೆಯ ಸಹಕಾರ? ಅಳಿಯ ಹಾಗೆ ಮಾಡಿದ, ಇದು ಯಾವ ಬಗೆಯ ಅಜ್ಞಾನ, ನೀಗಿಸಬಹುದಾದದ್ದೋ ನೀಗಿಸಲಾಗದ್ದೋ? ಚರ್ಚೆಯಲ್ಲಿ ಒಂದೂವರೆ ಗಂಟೆ ಬಿಡಿಸಿದರೂ ಮುಗಿಯದ ಗಂಟನ್ನು ಯಂತ್ರ ಅರ್ಧ ಸೆಕೆಂಡಿನಲ್ಲಿ ಹಸಿರು ಕೆಂಪು ಮಾಡಿ ತೋರಿಸುತ್ತದೆ. ಇವರೇ ಮೊದಲ ವಾರ ದೂರಿದ ಹಳೆಯ ಪ್ರಾಯಶ್ಚಿತ್ತದ ಪಟ್ಟಿಗೂ ಇದಕ್ಕೂ ಏನು ವ್ಯತ್ಯಾಸ?

ಒಂಬತ್ತನೆಯ ವಾರ ಪಾಪದ್ದು. ಗಂಭೀರ ವಿಷಯ, ಪೂರ್ಣ ಅರಿವು, ಬೇಕೆಂದೇ ಕೊಟ್ಟ ಸಮ್ಮತಿ, ಮೂರೂ ಕೂಡಿದರೆ ಮಾತ್ರ ಮಾರಕ ಪಾಪ. ಒಂದು ಕಡಿಮೆಯಾದರೂ ಅಲ್ಲ. ಇದು ಇಷ್ಟು ಜಿಗುಟಾದ ಅಳತೆ ಎಂದು ಗೊತ್ತಿರಲಿಲ್ಲ. ಈ ವಾರ ನನಗೆ ನೆನಪುಳಿದದ್ದು ಆಲ್ಫೊನ್ಸಸ್ ಲಿಗೋರಿಯಿಂದ. 1696ರಲ್ಲಿ ಹುಟ್ಟಿದವನು, ವಕೀಲನಾಗಿದ್ದವನು, 1723ರಲ್ಲಿ ಒಂದು ದೊಡ್ಡ ಮೊಕದ್ದಮೆ ಸೋತು ನ್ಯಾಯಾಲಯಕ್ಕೆ ಬೆನ್ನು ಹಾಕಿ ಪಾದ್ರಿಯಾದವನು. ಅವನ ಕಾಲದಲ್ಲಿ ಎರಡು ಬಣ. ಅನುಮಾನ ಬಂದಾಗ ಯಾವಾಗಲೂ ನಿಯಮದ ಕಡೆಗೇ ನಿಲ್ಲಬೇಕು ಎನ್ನುವ ಕಟ್ಟುನಿಟ್ಟಿನವರು ಒಂದು ಕಡೆ. ಒಬ್ಬಿಬ್ಬರು ಪಂಡಿತರು ಪರವಾಗಿದ್ದರೆ ಸಾಕು, ಏನನ್ನೂ ಮಾಡಬಹುದು ಎನ್ನುವ ಸಡಿಲದವರು ಇನ್ನೊಂದು ಕಡೆ. ಲಿಗೋರಿ ನಡುವೆ ನಿಂತ: ಎರಡೂ ಕಡೆಯ ವಾದ ಸಮತೂಕದ್ದಾದರೆ ಸ್ವಾತಂತ್ರ್ಯದ ಕಡೆ ವಾಲಬಹುದು. ಅವನನ್ನು 1950ರಲ್ಲಿ ಪಾಪನಿವೇದನೆ ಕೇಳುವ ಗುರುಗಳ ಪಾಲಕ ಸಂತನೆಂದು ಸಾರಿದರು. ಸ್ವತಃ ಅವನೇ ಅತಿಶಂಕೆಯಿಂದ ಜೀವಮಾನವಿಡೀ ನರಳಿದವನು. ಇಲ್ಲದ ಪಾಪವನ್ನು ಹುಡುಕಿ ಹುಡುಕಿ ಬಳಲುವ ಈ ಮನಸ್ಥಿತಿಗೆ ಲ್ಯಾಟಿನ್ನಿನಲ್ಲಿ ಇರುವ ಹೆಸರಿನ ಮೂಲ ಅರ್ಥ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸೇರಿಕೊಂಡ ಹರಳು. ಔಷಧದ ಕಪಾಟಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಪಾಳಿ ಮುಗಿಸಿ ಮನೆಗೆ ಹೋದ ಮೇಲೂ ದೂರವಾಣಿ ಮಾಡಿ ಕೇಳುವ ನಮ್ಮ ಹುಡುಗಿಯರಿಗೆ ಈ ಹರಳಿನ ಮಾತು ಹೇಳಿದ್ದೇನೆ.

ಈ ವಾರದ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದುಕೊಳ್ಳುವಾಗ ಒಂದು ಕಡೆ ಲೇಖನಿ ನಿಂತಿತು. ನಮ್ಮಲ್ಲಿ ಪಾಪ ಎಂದರೆ ಮಾಡಿದ ತಪ್ಪೂ ಹೌದು, "ಅಯ್ಯೋ, ಪಾಪ" ಎಂಬ ಮರುಕವೂ ಹೌದು. ಇಂಗ್ಲಿಷಿನ ಪದದಲ್ಲಿ ಆ ಎರಡನೆಯ ಕೋಣೆ ಇಲ್ಲ. ಚರ್ಚೆಯಲ್ಲಿ ಇದನ್ನು ಹೇಳಿದಾಗ ಪಾದ್ರಿಗಳು ಪದವನ್ನು ಎರಡು ಬಾರಿ ಉಚ್ಚರಿಸಿ ನೋಡಿದರು, ಲಿಗೋರಿಗೆ ಕನ್ನಡ ಬರುತ್ತಿದ್ದರೆ ಅವನ ದಪ್ಪ ಸಂಪುಟಗಳು ತೆಳುವಾಗುತ್ತಿದ್ದವು ಎಂದರು.

ಭಾಷೆ ನನಗೆ ಕೈಕೊಟ್ಟದ್ದು ಹತ್ತನೆಯ ವಾರ. ಮನಸ್ಸಾಕ್ಷಿ ಎಂಬ ಪದದಲ್ಲಿ ಸಾಕ್ಷಿ ಇದ್ದಾನೆ. ಸಾಕ್ಷಿ ಕಂಡದ್ದನ್ನು ಹೇಳುತ್ತಾನೆ, ತೀರ್ಪು ಕೊಡುವುದಿಲ್ಲ. ಹಾಗಾಗಿ ನಾನು ಮನಸ್ಸಾಕ್ಷಿ ಎಂದರೆ ಆಮೇಲೆ ಚುಚ್ಚುವಂಥದ್ದು ಎಂದೇ ಬಗೆದಿದ್ದೆ. ಅಕ್ವಿನಾಸನ ಲೆಕ್ಕದಲ್ಲಿ ಅದು ತೀರ್ಪು: ನನಗೆ ಗೊತ್ತಿರುವುದನ್ನು ಈ ಒಂದು ಕೆಲಸಕ್ಕೆ, ಈ ಗಳಿಗೆಯಲ್ಲಿ ಅನ್ವಯಿಸಿ ನೋಡುವ ಬುದ್ಧಿಯ ಕ್ರಿಯೆ. ಮಾಡುವ ಮೊದಲೂ ಅದು ಇದೆ. ಖಚಿತವಾದ ಮನಸ್ಸಾಕ್ಷಿಯ ತೀರ್ಪನ್ನು ಯಾವಾಗಲೂ ಪಾಲಿಸಲೇಬೇಕು. ಅದೇ ವೇಳೆ ಆ ತೀರ್ಪು ತಪ್ಪಾಗಿರಲೂಬಹುದು, ಅದನ್ನು ತಿದ್ದಿ ಬೆಳೆಸುವುದು ನಮ್ಮ ಹೊಣೆ. ಈ ಎರಡು ವಾಕ್ಯ ಒಂದರ ಪಕ್ಕ ಒಂದು ಹೇಗೆ ನಿಲ್ಲುತ್ತವೆ ಎಂಬುದೇ ನಿಜವಾದ ಪ್ರಶ್ನೆ. 1875ರಲ್ಲಿ ಇಂಗ್ಲೆಂಡಿನ ಕಥೋಲಿಕ ಪಾದ್ರಿ ಜಾನ್ ಹೆನ್ರಿ ನ್ಯೂಮನ್ ಪೋಪರಿಗೆ ಶುಭ ಹಾರೈಸಿ ಪಾನಪಾತ್ರೆ ಎತ್ತಬೇಕಾದರೆ ಮೊದಲು ಮನಸ್ಸಾಕ್ಷಿಗೆ, ಆಮೇಲೆ ಪೋಪರಿಗೆ ಎತ್ತುವೆ ಎಂದು ಬರೆದದ್ದನ್ನು ಪಾದ್ರಿಗಳು ಖುಷಿಯಿಂದ ಹೇಳಿದರು. ಮನುಷ್ಯ ಒಬ್ಬನೇ ದೇವರ ಜೊತೆ ಇರುವ ಅಂತರಂಗದ ಗರ್ಭಗುಡಿ ಅದು ಎಂಬ ಅರ್ಥದ ಎರಡನೆಯ ವ್ಯಾಟಿಕನ್ ಮಹಾಸಭೆಯ ಮಾತನ್ನೂ ಓದಿದರು. ಅಷ್ಟರಲ್ಲಿ ನಲವತ್ತು ನಿಮಿಷ ಮುಗಿಯಿತು. ಎರಡನೆಯ ವಿಡಿಯೊ ವಿವೇಕ, ನ್ಯಾಯ, ಸ್ಥೈರ್ಯ, ಸಂಯಮ ಎಂಬ ನಾಲ್ಕು ಸದ್ಗುಣಗಳಿಗೆ ಹೋಯಿತು. ಮನಸ್ಸಾಕ್ಷಿಗೆ ಅರ್ಧ ವಾರ. ಪ್ರಾಯಶ್ಚಿತ್ತದ ಪಟ್ಟಿಗಳಿಗೆ ಎರಡು ವಾರ ಕೊಟ್ಟವರು!

ಕೊನೆಯ ಎರಡು ವಾರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಾವ ಸನ್ನಿವೇಶದಲ್ಲೂ ಒಳ್ಳೆಯದಾಗಲಾರದ ಕೃತ್ಯಗಳಿವೆಯೇ ಎಂಬ ಜಗಳ, 1968ರಲ್ಲಿ ಗರ್ಭನಿರೋಧದ ಬಗ್ಗೆ ಪೋಪ್ ಇಡೀ ಧರ್ಮಸಭೆಗೆ ಬರೆದ ವಿಶ್ವಪತ್ರದಿಂದ ಬಿಸಿಯೇರಿ 1993ರಲ್ಲಿ ಎರಡನೆಯ ಜಾನ್ ಪಾಲ್ 'ಇವೆ' ಎಂದು ವಿವರವಾಗಿ ಬರೆದದ್ದರವರೆಗೆ, ಚೆನ್ನಾಗಿಯೇ ಬಂದಿತು; ವಿರೋಧಿಗಳ ವಾದವನ್ನು ಅಣಕಿಸದೆ ಹೇಳಿದ್ದಕ್ಕೆ ಮೆಚ್ಚುಗೆ. ಹನ್ನೆರಡನೆಯ ವಾರ ಇಡೀ ಸಾಮಾಜಿಕ ಬೋಧನೆಯನ್ನು ಒಂದೇ ಚೀಲಕ್ಕೆ ತುಂಬಿದ್ದರು: ಕಾರ್ಮಿಕರ ಬಗ್ಗೆ 1891ರ ವಿಶ್ವಪತ್ರ, ಕೆಳಗಿನ ಹಂತದಲ್ಲಿ ಆಗುವ ಕೆಲಸವನ್ನು ಮೇಲಿನವರು ಕಿತ್ತುಕೊಳ್ಳಬಾರದು ಎಂದು 1931ರಲ್ಲಿ ಸ್ಪಷ್ಟವಾದ ಸೂತ್ರ, ಮರಣದಂಡನೆ ಒಪ್ಪತಕ್ಕದ್ದಲ್ಲ ಎಂದು ಧರ್ಮೋಪದೇಶ ಗ್ರಂಥಕ್ಕೆ 2018ರಲ್ಲಿ ಆದ ತಿದ್ದುಪಡಿ. ಒಂದೊಂದೂ ಒಂದು ವಾರ ಕೇಳುವ ವಿಷಯ. ಹಾಸಿಗೆಯ ಪಕ್ಕದ ನೀತಿಗೆ ನಾಲ್ಕು ವಾರ, ಆ ಹಾಸಿಗೆ ಕೆಲವರಿಗೆ ಸಿಕ್ಕದೇ ಹೋಗುವ ಅನ್ಯಾಯಕ್ಕೆ ಐದು ನಿಮಿಷ. ಇದು ನನಗೆ ಸರಿಬರಲಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಚರ್ಚೆಗಷ್ಟೇ ಆದರೆ ಐದು. ನಂಬಿಕೆ ಇಲ್ಲದವರೂ ಸೇರಬಹುದು; ಯಾರೂ ನನ್ನನ್ನು ಮತಾಂತರಿಸಲು ನೋಡಲಿಲ್ಲ, ನನ್ನ ಪ್ರಶ್ನೆಗಳಿಗೆ ಉತ್ತರ ಕೊಡುವಾಗ ದೇವರನ್ನು ಮರೆಮಾಚಲೂ ಇಲ್ಲ. ಪ್ರತಿದಿನ ಬೇರೆಯವರ ದೇಹದ ಮೇಲೆ ಕೈ ಇಟ್ಟು ಕೆಲಸ ಮಾಡುವವರಿಗೆ, ನರ್ಸ್, ವೈದ್ಯ, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ, ಇದು ಸಲ್ಲುತ್ತದೆ. ತಕ್ಷಣ ಹೌದು ಅಲ್ಲ ಎಂಬ ಉತ್ತರ ಬೇಕಾದವರು ದುಡ್ಡು ಉಳಿಸಿಕೊಳ್ಳಿ.

ಪ್ರಮಾಣಪತ್ರಕ್ಕೆ ಎಲ್ಲ ಪರೀಕ್ಷೆಗಳಲ್ಲೂ ನೂರಕ್ಕೆ ಎಂಬತ್ತು ಅಂಕ ಬೇಕು. ಎಂಟನೆಯ ವಾರದ್ದರಲ್ಲಿ ನನಗೆ ಎಪ್ಪತ್ತು. ಕಾಣದ ಒಪ್ಪಿಗೆಗೆ ಸಾಕ್ಷಿ ಸಹಿ ಹಾಕಿದ ಗುಮಾಸ್ತನೊಬ್ಬನ ಪ್ರಕರಣ ಅಲ್ಲೂ ಇದೆ, ಸರಿಯುತ್ತರ 'ದೂರದ ಭೌತಿಕ ಸಹಕಾರ' ಎಂದು ಯಂತ್ರ ಹೇಳುತ್ತದೆ. ಪಾದ್ರಿಗಳಿಗೆ ತೋರಿಸಿದೆ. ಪ್ರಶ್ನೆಗಳನ್ನು ಬರೆದವರು ಬೇರೆ ಯಾರೋ, ತಿದ್ದಿಸುತ್ತೇನೆ ಎಂದರು. ಮತ್ತೊಮ್ಮೆ ಪರೀಕ್ಷೆ ಬರೆದು, ಯಂತ್ರಕ್ಕೆ ಬೇಕಾದ ಗುರುತು ಹಾಕಿದರೆ ಪ್ರಮಾಣಪತ್ರ ಈಗಲೇ ಬರುತ್ತದೆ. ಹಾಕಿಲ್ಲ. ಅವರು ತಿದ್ದುವವರೆಗೆ ನನ್ನ ಎಪ್ಪತ್ತು ಹಾಗೆಯೇ ಇರಲಿ.